ಕಾರ್ನಿಯಾದ ಕಲೆ: ಕನ್ನಡಕಕ್ಕೆ ಬಗ್ಗದ ಮಬ್ಬು

ಭತ್ತದ ಗರಿಯೋ ಕಬ್ಬಿನ ಸೋಗೆಯೋ ಕಣ್ಣಿಗೆ ಗೀರಿದರೆ ನೀರು ಚಿಮುಕಿಸಿಕೊಂಡು ಕೆಲಸ ಮುಂದುವರಿಸುವವರೇ ಹೆಚ್ಚು. ಆ ಗೀರಿಗೆ ಶಿಲೀಂಧ್ರ ಸೇರಿದರೆ ಹುಣ್ಣು. ಹುಣ್ಣು ಮಾಗಿದರೂ ಕಾರ್ನಿಯಾದಲ್ಲಿ ಬಿಳಿ ಕಲೆ ಉಳಿದುಬಿಡಬಹುದು.

ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಈ ಪಾರದರ್ಶಕ ಪದರಕ್ಕೆ ಕಲೆಯಿಂದ ಎರಡು ಪೆಟ್ಟು. ಬೆಳಕಿಗೆ ಅಡ್ಡ ಒಂದು, ಮೇಲ್ಮೈ ಅಂಕುಡೊಂಕಾಗುವುದು ಇನ್ನೊಂದು. ದೀಪಗಳಿಗೆ ಬಾಲ ಬರುತ್ತದೆ, ಅಕ್ಷರಗಳಿಗೆ ನೆರಳು. ಸಾಮಾನ್ಯ ಅಸ್ಟಿಗ್ಮ್ಯಾಟಿಸಂ, ಅಂದರೆ ಕಾರ್ನಿಯಾದ ಅಸಮ ಬಾಗು, ಸಿಲಿಂಡರ್ ಪವರ್‌ನ ಕನ್ನಡಕದಲ್ಲಿ ಸರಿಹೋಗುತ್ತದೆ. ಕಲೆಯ ಈ ಅಡ್ಡಾದಿಡ್ಡಿ ಬಾಗು ಅಷ್ಟು ಸುಲಭಕ್ಕೆ ಜಗ್ಗದು.

ಇಲ್ಲಿ ನೆರವಾಗುವುದು ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್. ಅದರಲ್ಲೂ ಸ್ಕ್ಲೀರಲ್ ಲೆನ್ಸ್ ಕಾರ್ನಿಯಾವನ್ನು ಮುಟ್ಟದೆ ಕಣ್ಣಿನ ಬಿಳಿಭಾಗದ ಮೇಲೆ ಕೂರುತ್ತದೆ. ಬಟ್ಟಲಿನಂಥ ಲೆನ್ಸಿಗೆ ಸಲೈನ್ ತುಂಬಿ, ಮುಖ ನೆಲಕ್ಕೆ ಬಗ್ಗಿಸಿ ಒತ್ತಿ ಕೂರಿಸಬೇಕು. ಗಾಳಿಗುಳ್ಳೆ ಸಿಕ್ಕಿಕೊಂಡರೆ ತೆಗೆದು ಮತ್ತೆ ಹಾಕಬೇಕು. ರಗಳೆಯೇ ಸರಿ! ಆದರೆ ಆ ದ್ರವ ತಗ್ಗುದಿಣ್ಣೆಗಳನ್ನು ಮುಚ್ಚಿ ನುಣುಪಾದ ಹೊಸ ಮೇಲ್ಮೈ ಕೊಡುತ್ತದೆ. ನೇತ್ರವೈದ್ಯ ಅಡಾಲ್ಫ್ ಫಿಕ್ 1888ರಲ್ಲೇ ಗಾಜಿನಲ್ಲಿ ಇಂಥ ಲೆನ್ಸ್ ವಿವರಿಸಿದ್ದರು. ಕಲೆಯ ಅಪಾರದರ್ಶಕತೆಯನ್ನು ಮಾತ್ರ ಲೆನ್ಸ್ ಅಳಿಸಲಾರದು.

ಕಲೆ ಮೇಲ್ಪದರದಲ್ಲೇ ಇದ್ದರೆ ಪಿಟಿಕೆ ಎಂಬ ಲೇಸರ್‌ನಿಂದ ಹೆರೆಯಬಹುದು. ಆಳಕ್ಕಿಳಿದಿದ್ದರೆ ಕಸಿ, ಒಳಪದರ ಚೆನ್ನಾಗಿದ್ದರೆ ಮುಂಭಾಗವನ್ನಷ್ಟೇ ಬದಲಿಸಿದರೆ ಸಾಕು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ದಾನವಾದ ಎರಡು ಕಣ್ಣುಗಳಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ನಾಲ್ವರಿಗೆ ದೃಷ್ಟಿ ಕೊಟ್ಟದ್ದು ಹೀಗೆ ಪದರ ಬೇರ್ಪಡಿಸಿಯೇ.

ಕಸಿಯಾದ ಮೇಲೆ ಹೊಲಿಗೆಗಳ ಎಳೆತದಿಂದ ಅಸ್ಟಿಗ್ಮ್ಯಾಟಿಸಂ ಮರಳಬಹುದು. ಆಗ ಕೆಲವರಿಗೆ ಮತ್ತೆ ಸ್ಕ್ಲೀರಲ್ ಲೆನ್ಸೇ ಬೇಕಾಗುತ್ತದೆ.