ರಾಮನಾಥಪುರದಲ್ಲಿ ನೀರಿಲ್ಲವೇ?

ತಮಿಳಿನಲ್ಲಿ ‘ತಣ್ಣಿ ಇಲ್ಲಾ ಕಾಡು’ ಎಂಬ ಮಾತುಂಟು, ನೀರಿಲ್ಲದ ಕಾಡು. ಮೇಲಧಿಕಾರಿಯ ಕಣ್ಣು ಕೆಂಪಾದರೆ ನೌಕರನಿಗೆ ವರ್ಗ ಆಗುವುದು ಅಲ್ಲಿಗೆ! ಆ ಮಾತು ಅಂಟಿಕೊಂಡಿರುವುದು ರಾಮೇಶ್ವರವಿರುವ ರಾಮನಾಥಪುರ ಜಿಲ್ಲೆಗೆ. ಅದರ ಸುತ್ತ ಹಬ್ಬಿರುವ ಕಲ್ಪನೆಗಳು ಒಂದೆರಡಲ್ಲ.

ತಪ್ಪು ಕಲ್ಪನೆ: ಅಲ್ಲಿ ಮಳೆಯೇ ಬೀಳುವುದಿಲ್ಲ

ಬೀಳುತ್ತದೆ, ವರ್ಷಕ್ಕೆ ಸುಮಾರು 800 ಮಿ.ಮೀ. ನಮ್ಮ ವಿಜಯಪುರ, ಚಿತ್ರದುರ್ಗಕ್ಕಿಂತ ಹೆಚ್ಚೇ. ಆದರೆ ಬಹುಪಾಲು ಅಕ್ಟೋಬರ್‌–ಡಿಸೆಂಬರ್‌ ನಡುವೆ ಸುರಿದು ಮುಗಿಯುತ್ತದೆ. ಅದನ್ನು ಹಿಡಿದಿಡಲೆಂದೇ ಹಿಂದಿನವರು ಬೇಸಾಯಕ್ಕೆ ಕಣ್ಮಾಯ್, ಕುಡಿಯಲು ಊರಣಿ ಎಂದು ಬೇರೆ ಬೇರೆ ಕೆರೆ ಕಟ್ಟಿದರು. ಊರಣಿಗೆ ದನ ಇಳಿಸುವಂತಿಲ್ಲ, ಅಲ್ಲಿ ಬಟ್ಟೆ ಒಗೆಯುವಂತಿಲ್ಲ. ಈಗ ಎಷ್ಟೋ ಕೆರೆಯಂಗಳಗಳಲ್ಲಿ ಹೂಳು, ಬಳ್ಳಾರಿ ಜಾಲಿ. ಎಲ್ಲ ತಪ್ಪನ್ನೂ ಜಾಲಿಯ ತಲೆಗೆ ಕಟ್ಟುವವರಿದ್ದಾರೆ. ಅದೇ ಜಾಲಿಯ ಇದ್ದಿಲು ಮಾರಿ ಒಲೆ ಹಚ್ಚುವ ಮನೆಗಳೂ ಅಲ್ಲಿವೆ.

ತಪ್ಪು ಕಲ್ಪನೆ: ಕಡಲ ದಡದಲ್ಲಿ ಎಲ್ಲಿ ತೋಡಿದರೂ ಉಪ್ಪುನೀರೇ

ರಾಮೇಶ್ವರಕ್ಕೆ ಹೋಗಿಬಂದವರನ್ನು ಕೇಳಿ. ಕಡಲು ಕೂಗಳತೆಯಲ್ಲಿದ್ದರೂ ದೇವಸ್ಥಾನದೊಳಗೆ 22 ತೀರ್ಥಗಳಿವೆ, ಹೆಚ್ಚಿನವು ಬಾವಿಗಳೇ. ಬಾವಿಯಿಂದ ಬಾವಿಗೆ ರುಚಿ ಬೇರೆ ಎನ್ನುತ್ತಾ ಬಕೆಟ್ಟಿನಲ್ಲಿ ಸೇದಿ ತಲೆಗೆ ಸುರಿಯುತ್ತಾರೆ. ಮರಳಿಗೆ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಅದರ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ.

ಸಿಗದಿದ್ದರೆ ಇನ್ನಷ್ಟು ಆಳಕ್ಕೆ ಕೊರೆಸಿ ಎನ್ನುವ ಬಯಲುಸೀಮೆಯ ಬುದ್ಧಿ ಇಲ್ಲಿ ಕೈಕೊಡುವುದೂ ಇದರಿಂದಲೇ. ಸಿಹಿನೀರಿನ ಮಟ್ಟ ಒಂದಡಿ ಇಳಿದರೆ ಕೆಳಗಿನ ಉಪ್ಪುನೀರು ಸುಮಾರು 40 ಅಡಿ ಮೇಲೇರಬಹುದೆಂಬುದು ಭೂವಿಜ್ಞಾನಿಗಳ ಲೆಕ್ಕ. ಪಂಪು ಜೋರಾದಷ್ಟೂ ಬಾವಿ ಬೇಗ ಕೆಡುತ್ತದೆ.

ತಪ್ಪು ಕಲ್ಪನೆ: ನೀರಿನ ಬರವೆಂದರೆ ಬರೀ ಬಾಯಾರಿಕೆ

ಹೆಂಗಸರು ಮರಳಲ್ಲಿ ಗುಂಡಿ ತೋಡಿ, ಒಸರುವ ನೀರನ್ನು ತೆಂಗಿನ ಕರಟದಲ್ಲಿ ಮೊಗೆಯುತ್ತಾರೆ. ಆತುರಪಟ್ಟರೆ ಕೆಸರು ಏಳುತ್ತದೆ. ನಾಲ್ಕು ಕರಟ ಮೊಗೆದು, ತಿಳಿಯಾಗಲೆಂದು ಕೂರಬೇಕು. ಕೊಡ ತುಂಬಿದರೆ ಹದಿನೈದು ಕಿಲೋ ಭಾರ. ಸಾಲು ಸಾಲು ಪ್ಲಾಸ್ಟಿಕ್‌ ಕೊಡ ಇಟ್ಟ ತಳ್ಳುಗಾಡಿ ಅಲ್ಲಿನ ರಸ್ತೆಗಳಲ್ಲಿ ದಿನದ ನೋಟ. ಕುಡಿಯಲು ಹೇಗೋ ಹೊಂದಿಸಿಕೊಳ್ಳುತ್ತಾರೆ. ಸವೆಯುವುದು ಹೊತ್ತು: ಕೂಲಿಯ ಹೊತ್ತು, ಹುಡುಗಿಯರ ಶಾಲೆಯ ಹೊತ್ತು, ನಿದ್ದೆ. ಕೈ ತೊಳೆಯಲೂ ನೀರನ್ನು ಎಣಿಸುವ ಮನೆಯಲ್ಲಿ ಮಕ್ಕಳಿಗೆ ಭೇದಿ ತಪ್ಪುವುದಿಲ್ಲ. ಕೂಡಿಟ್ಟ ಡ್ರಮ್ಮು ಮುಚ್ಚದಿದ್ದರೆ ಡೆಂಗಿ ಸೊಳ್ಳೆಗೆ ತೊಟ್ಟಿಲು.

ಸವಳು ನೀರಿಗೆ ನಾಲಗೆ ಒಗ್ಗಬಹುದು, ಮೈ ಒಗ್ಗುತ್ತದೆಂದಲ್ಲ. ಬಾಂಗ್ಲಾದೇಶದ ಕರಾವಳಿಯ ದಾಕೋಪ್‌ನಲ್ಲಿ ನಡೆದ ಅಧ್ಯಯನಗಳು ಗರ್ಭಿಣಿಯರ ರಕ್ತದೊತ್ತಡಕ್ಕೂ ಕುಡಿಯುವ ನೀರಿನ ಉಪ್ಪಿಗೂ ನಂಟು ಕಂಡಿವೆ.

ತಪ್ಪು ಕಲ್ಪನೆ: ಪೈಪು ಬಂದಮೇಲೆ ಮುಗಿಯಿತು

2009ರಿಂದ ತಿರುಚಿರಾಪಳ್ಳಿ ಕಡೆಯ ಕಾವೇರಿ ನೀರು ಪೈಪಿನಲ್ಲಿ ಈ ಜಿಲ್ಲೆಗೆ ಬರುತ್ತಿದೆ. ತಲಕಾವೇರಿಯಲ್ಲಿ ಹುಟ್ಟುವ ನದಿಯ ನೀರಿಗಾಗಿ ರಾಮೇಶ್ವರದ ಕಡೆಯವರೂ ಕಾಯುತ್ತಾರೆಂಬುದು ನಮ್ಮ ಕಾವೇರಿ ಜಗಳದಲ್ಲಿ ನೆನಪಿಗೇ ಬರುವುದಿಲ್ಲ. ಅಷ್ಟು ದೂರದ ಪೈಪಿನ ಕೊನೆಯ ಊರಿಗೆ ನೀರು ತಲುಪಲು ನಡುವೆ ಎಲ್ಲೂ ಒಡೆಯಬಾರದು, ಕರೆಂಟು ಹೋಗಬಾರದು. ನಲ್ಲಿ ಸದ್ದು ಮಾಡದ ದಿನ ತಳ್ಳುಗಾಡಿ ಮತ್ತೆ ಊರಣಿಯ ಕಡೆಗೇ ತಿರುಗುತ್ತದೆ.