ಕದಲದೆಯೇ ದಿಕ್ಕು ಬದಲಿಸುವ ರಾಡಾರ್

ವಿಮಾನ ನಿಲ್ದಾಣದ ಹತ್ತಿರ ಗೋಪುರದ ಮೇಲೆ ಸದಾ ಸುತ್ತುತ್ತಿರುವ ರಾಡಾರ್ ಆಂಟೆನಾವನ್ನು ನೀವು ನೋಡಿರಬಹುದು. ಅದು ಸುತ್ತುವುದೇಕೆ? ರಾಡಾರ್ ತನ್ನ ರೇಡಿಯೋ ಅಲೆಗಳನ್ನು ಕಿರಿದಾದ ಕಿರಣವಾಗಿ ಒಂದು ದಿಕ್ಕಿಗೆ ಮಾತ್ರ ಕಳುಹಿಸುತ್ತದೆ. ವಸ್ತುವಿಗೆ ತಾಗಿ ಮರಳಿದ ಅಲೆಯಿಂದ ಆ ವಸ್ತು ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ. ಸುತ್ತಲಿನ ಆಕಾಶವನ್ನೆಲ್ಲ ನೋಡಬೇಕಾದರೆ ಆಂಟೆನಾ ತಿರುಗಬೇಕು.

ಆದರೆ ಆಂಟೆನಾ ಒಂದು ಆಟದ ಮೈದಾನಕ್ಕಿಂತ ದೊಡ್ಡದಾಗಿದ್ದರೆ? ಅದನ್ನು ತಿರುಗಿಸುವವರು ಯಾರು?

ಇದು ಬರಿಯ ಕಲ್ಪನೆಯಲ್ಲ. ಆಂಧ್ರಪ್ರದೇಶದ ತಿರುಪತಿಯ ಸಮೀಪ ಗಾದಂಕಿ ಎಂಬ ಊರಿದೆ. ಅಲ್ಲಿರುವ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯದ ಎಂಎಸ್‌ಟಿ ರಾಡಾರ್ 1990ರ ದಶಕದಲ್ಲಿ ಕೆಲಸ ಆರಂಭಿಸಿತು. ಸುಮಾರು 130 ಮೀಟರ್ ಉದ್ದ, ಅಷ್ಟೇ ಅಗಲದ ನೆಲದಲ್ಲಿ 32 ಸಾಲುಗಳು, ಸಾಲಿಗೆ 32ರಂತೆ 1024 ಆಂಟೆನಾಗಳು ನಿಂತಿವೆ. ಒಂದು ಕಾಲದಲ್ಲಿ ಮನೆಮನೆಯ ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂತೆ ಕಾಣುತ್ತಿದ್ದ ಟಿ.ವಿ. ಆಂಟೆನಾಗಳ ಜಾತಿಯವೇ ಇವು. ಹೆಸರು ಯಾಗಿ ಆಂಟೆನಾ. ಇಲ್ಲಿ ಮಾತ್ರ ಎಲ್ಲವೂ ನೆಟ್ಟಗೆ ಆಕಾಶಕ್ಕೆ ಮುಖ ಮಾಡಿವೆ. ಇವುಗಳಲ್ಲಿ ಒಂದೂ ಕದಲುವುದಿಲ್ಲ.

ಈ ರಾಡಾರ್ ಅಳೆಯುವುದು ಗಾಳಿಯನ್ನು. ಮೇಲಣ ಗಾಳಿಯ ಸಣ್ಣ ಸುಳಿಗಳಿಂದ ರೇಡಿಯೋ ಅಲೆಯ ಅತ್ಯಲ್ಪ ಭಾಗ ಹಿಂದಿರುಗುತ್ತದೆ. ಡಾಪ್ಲರ್ ಪರಿಣಾಮದ ಬಗ್ಗೆ ನೀವು ಓದಿದ್ದೀರಿ: ನಮ್ಮತ್ತ ಬರುವ ವಸ್ತುವಿನಿಂದ ಮರಳಿದ ಅಲೆಯ ಆವೃತ್ತಿ ಹೆಚ್ಚುತ್ತದೆ, ದೂರ ಸರಿಯುವ ವಸ್ತುವಿನಿಂದ ಬಂದದ್ದು ಕಡಿಮೆಯಾಗುತ್ತದೆ. ಆದರೆ ಡಾಪ್ಲರ್ ತಿಳಿಸುವುದು ಕಿರಣದ ನೇರಕ್ಕಿರುವ ವೇಗವನ್ನು ಮಾತ್ರ. ಕಿರಣ ನೆತ್ತಿಯತ್ತಲೇ ನಿಂತಿದ್ದರೆ ಗಾಳಿ ಮೇಲೇರುತ್ತಿದೆಯೋ ಕೆಳಗಿಳಿಯುತ್ತಿದೆಯೋ ಗೊತ್ತಾದೀತು; ಪೂರ್ವದಿಂದ ಬೀಸುತ್ತಿದೆಯೋ ಪಶ್ಚಿಮದಿಂದಲೋ ಗೊತ್ತಾಗದು. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ, ಸುಮಾರು 16 ಕಿಲೋಮೀಟರ್ ಎತ್ತರದಲ್ಲಿ, ಪೂರ್ವದಿಂದ ಬಿರುಸಾದ ಗಾಳಿಯ ಹೊಳೆಯೇ ಹರಿಯುತ್ತದೆ. ಅದರ ವೇಗ ಸೆಕೆಂಡಿಗೆ 40 ಮೀಟರ್ ಎನ್ನೋಣ. ಕಿರಣವನ್ನು ಪೂರ್ವಕ್ಕೆ 10 ಡಿಗ್ರಿ ವಾಲಿಸಿದರೆ ಆ ಗಾಳಿ ಸೆಕೆಂಡಿಗೆ ಸುಮಾರು 7 ಮೀಟರಿನಂತೆ ನಮ್ಮತ್ತ ಬರುವುದು ಕಾಣುತ್ತದೆ. ಪಶ್ಚಿಮಕ್ಕೆ ವಾಲಿಸಿದರೆ ಅಷ್ಟೇ ವೇಗದಲ್ಲಿ ದೂರ ಸರಿಯುವುದು ಕಾಣುತ್ತದೆ. ಎರಡನ್ನೂ ಹೋಲಿಸಿ ಗಾಳಿಯ ನಿಜವಾದ ವೇಗವನ್ನು ಲೆಕ್ಕ ಹಾಕುತ್ತಾರೆ. ಎಂದರೆ, ಕಿರಣ ವಾಲದಿದ್ದರೆ ಗಾಳಿಯ ಲೆಕ್ಕವೇ ಇಲ್ಲ.

ಕದಲದ ಆಂಟೆನಾಗಳಿಂದ ಕಿರಣ ವಾಲುವುದು ಹೇಗೆ? ಶಾಲೆಯ ಕವಾಯತನ್ನು ನೆನಪಿಸಿಕೊಳ್ಳಿ. ಒಂದು ಸಾಲಿನ ಮಕ್ಕಳೆಲ್ಲ ಒಟ್ಟಿಗೆ ಹೆಜ್ಜೆ ಇಟ್ಟರೆ ಸಾಲು ನೇರವಾಗಿಯೇ ಮುಂದೆ ಸಾಗುತ್ತದೆ. ಎಡತುದಿಯವನು ಮೊದಲು, ಅವನ ಪಕ್ಕದವನು ಚೂರು ತಡವಾಗಿ, ಅವನಾಚೆಯವನು ಇನ್ನೂ ತಡವಾಗಿ ಹೊರಟರೆ ಸಾಲು ಓರೆಯಾಗುತ್ತದೆ, ಅದರ ಮುಖ ಬಲಕ್ಕೆ ಹೊರಳುತ್ತದೆ. ಅಲೆಗಳ ವಿಷಯದಲ್ಲೂ ಹೀಗೆಯೇ. ಎಲ್ಲ ಆಂಟೆನಾಗಳೂ ಒಂದೇ ಕ್ಷಣದಲ್ಲಿ ಅಲೆ ಹೊರಡಿಸಿದರೆ ನೆತ್ತಿಯ ದಿಕ್ಕಿನಲ್ಲಿ ಉಬ್ಬಿಗೆ ಉಬ್ಬು, ತಗ್ಗಿಗೆ ತಗ್ಗು ಕೂಡಿ ಅಲೆ ಬಲಗೊಳ್ಳುತ್ತದೆ. ಬೇರೆ ದಿಕ್ಕುಗಳಲ್ಲಿ ಉಬ್ಬು ತಗ್ಗುಗಳು ಸೇರಿ ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಪಶ್ಚಿಮದ ಸಾಲು ಮೊದಲು, ಪೂರ್ವದ ಸಾಲು ಕೊನೆಗೆ ಹೊರಡಿಸಿದರೆ ಅಲೆಗಳು ಕೂಡುವ ದಿಕ್ಕು ಪೂರ್ವಕ್ಕೆ ವಾಲುತ್ತದೆ. ಅಲೆಯ ಈ ಹಿಂದುಮುಂದನ್ನು ಪ್ರಾವಸ್ಥೆ, ಇಂಗ್ಲಿಷಿನಲ್ಲಿ ಫೇಸ್, ಎನ್ನುತ್ತಾರೆ. ಫೇಸ್ಡ್ ಅರೇ ಎಂಬ ಹೆಸರು ಬಂದದ್ದು ಇದರಿಂದಲೇ.

ಎಷ್ಟು ತಡವಾಗಬೇಕು? ನೀವೇ ಲೆಕ್ಕ ಮಾಡಬಹುದು. ಗಾದಂಕಿಯ ರಾಡಾರಿನ ಆವೃತ್ತಿ 53 ಮೆಗಾಹರ್ಟ್ಸ್. ಆದ್ದರಿಂದ ತರಂಗದೂರ ಸುಮಾರು 5.7 ಮೀಟರ್. ಸಾಲಿನಿಂದ ಸಾಲಿಗೆ ಇರುವ ಅಂತರ ಸುಮಾರು 4 ಮೀಟರ್. ಕಿರಣ 10 ಡಿಗ್ರಿ ವಾಲಬೇಕಾದರೆ ಪಕ್ಕಪಕ್ಕದ ಸಾಲುಗಳ ಅಲೆಗಳಿಗೆ ಇರಬೇಕಾದ ದಾರಿಯ ವ್ಯತ್ಯಾಸ 4 × ಸೈನ್ 10°, ಅಂದರೆ ಸುಮಾರು 70 ಸೆಂಟಿಮೀಟರ್. ಬೆಳಕಿನ ವೇಗದ ಅಲೆಗೆ ಇಷ್ಟು ದಾರಿ ಸಾಗಲು ಬೇಕಾದ ಕಾಲ ಸೆಕೆಂಡಿನ ನೂರು ಕೋಟಿಯಲ್ಲಿ ಎರಡು ಮೂರು ಭಾಗ ಮಾತ್ರ! ಇದು ಒಂದು ಪೂರ್ಣ ಅಲೆಯ ಎಂಟನೆಯ ಒಂದು ಪಾಲು. ಇಷ್ಟು ತಡವನ್ನು ವಿದ್ಯುನ್ಮಂಡಲಗಳು ಕರಾರುವಾಕ್ಕಾಗಿ ಒದಗಿಸುತ್ತವೆ. ಮರಳಿ ಬಂದ ಅಲೆ ಪೂರ್ವದ ಸಾಲನ್ನು ಮೊದಲು ಮುಟ್ಟುತ್ತದೆ. ಅದನ್ನು ಅಷ್ಟೇ ತಡೆದು ಉಳಿದವುಗಳೊಡನೆ ಕೂಡಿಸುತ್ತಾರೆ.

ಸಾಲುಗಳನ್ನು ಇನ್ನೂ ದೂರದೂರ ನೆಟ್ಟು ಖರ್ಚು ಉಳಿಸಬಾರದೆ ಎಂದು ನೀವು ಕೇಳಬಹುದು. ಅಂತರ ಮಿತಿ ಮೀರಿದರೆ ಅಲೆಗಳು ಇನ್ನೊಂದು ದಿಕ್ಕಿನಲ್ಲೂ ಕೂಡಿಕೊಂಡು ಬೇಡದ ಎರಡನೆಯ ಕಿರಣ ಹುಟ್ಟುತ್ತದೆ. ಆಗ ಮರಳಿದ ಅಲೆ ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ. ಗಾದಂಕಿಯಲ್ಲಿ ಕಿರಣ ಹೆಚ್ಚು ವಾಲಬೇಕಾಗಿಲ್ಲ. ಆದ್ದರಿಂದ ತರಂಗದೂರದ ಹತ್ತರಲ್ಲಿ ಏಳು ಪಾಲು ಅಂತರ ಸಾಕಾಯಿತು. ಬಹಳ ಓರೆಯಾಗಿ ನೋಡಬೇಕಾದ ರಾಡಾರುಗಳಲ್ಲಿ ಅಂತರ ಅರ್ಧ ತರಂಗದೂರದಷ್ಟೇ ಇರಬೇಕು. ಅಷ್ಟಾದರೂ ಕಿರಣ ವಾಲಿದಷ್ಟೂ ಅಗಲವಾಗುತ್ತದೆ, ಮಂಕಾಗುತ್ತದೆ. ಸುತ್ತಲೂ ನೋಡಬೇಕಾದ ಕಡೆ ಮೂರು ನಾಲ್ಕು ಮುಖಗಳ ಆಂಟೆನಾ ಕಟ್ಟುವುದು ಇದಕ್ಕಾಗಿಯೇ.

ಗಾದಂಕಿಯಲ್ಲಿ ಮೊದಲು 32 ದೊಡ್ಡ ಪ್ರೇಷಕಗಳಿದ್ದವು. ಒಂದೊಂದೂ ಒಂದು ಇಡೀ ಸಾಲಿಗೆ ಶಕ್ತಿ ಹಂಚುತ್ತಿತ್ತು. ಒಂದು ಪ್ರೇಷಕ ಕೆಟ್ಟರೆ 32 ಆಂಟೆನಾಗಳು ಮೌನ. ಮುಂದೆ ಪ್ರತಿ ಆಂಟೆನಾಕ್ಕೂ ಅದರದೇ ಆದ ಪುಟ್ಟ ಪ್ರೇಷಕ, ಗ್ರಾಹಕಗಳನ್ನು ಅಳವಡಿಸಿದರು. ಇಂಥದ್ದನ್ನು ಸಕ್ರಿಯ ಫೇಸ್ಡ್ ಅರೇ ಎನ್ನುತ್ತಾರೆ. ಈಗ ಒಂದೆರಡು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ.

ದೇಶದ ರಕ್ಷಣೆಗೂ ಈ ವಿದ್ಯೆ ಬೇಕು. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ 6 ಸೆಕೆಂಡಿನಲ್ಲಿ ಒಂದೂವರೆ ಕಿಲೋಮೀಟರ್ ಸಾಗಿಬಿಡುತ್ತದೆ. 6 ಸೆಕೆಂಡಿಗೊಮ್ಮೆ ಸುತ್ತುವ ಆಂಟೆನಾ ಅದನ್ನು ಮತ್ತೆ ಕಾಣುವಷ್ಟರಲ್ಲಿ ಅದು ಬೇರೆಲ್ಲೋ ಇರುತ್ತದೆ. ಫೇಸ್ಡ್ ಅರೇ ಕಿರಣವಾದರೋ ಮೈಕ್ರೋಸೆಕೆಂಡುಗಳಲ್ಲಿ ಒಂದು ಗುರಿಯಿಂದ ಇನ್ನೊಂದಕ್ಕೆ ಜಿಗಿದು, ಹಲವು ಗುರಿಗಳನ್ನು ಸರದಿಯಂತೆ ನೋಡುತ್ತಿರಬಲ್ಲದು. ಆಕಾಶ್ ಕ್ಷಿಪಣಿಗೆ ದಾರಿ ತೋರುವ ರಾಜೇಂದ್ರ ರಾಡಾರ್ ಇಂಥದ್ದು. ಅದು ರೂಪುಗೊಂಡದ್ದು ನಮ್ಮ ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯದಲ್ಲಿ.

ಮುಂದಿನ ಸಲ ಕೆರೆಯ ದಂಡೆಗೆ ಹೋದಾಗ ನೀವೂ ಗೆಳೆಯರೂ ಸಾಲಾಗಿ ನಿಂತು, ಒಬ್ಬರಾದ ಮೇಲೆ ಒಬ್ಬರು ಒಂದೇ ಸಮನಾದ ಬಿಡುವು ಕೊಟ್ಟು ನೀರಿಗೆ ಕಲ್ಲು ಹಾಕಿ ನೋಡಿ. ಉಂಗುರಗಳು ಕೂಡಿ ಯಾವ ದಿಕ್ಕಿಗೆ ಸಾಗುತ್ತವೆ ಎಂಬುದನ್ನು ಗಮನಿಸಿ. ಗಾದಂಕಿಯ ಮೈದಾನದಲ್ಲಿ ನಡೆಯುವುದೂ ಅದೇ.