ಕಲ್ಲಿನ ನಾಡಿ ಹಿಡಿದ ಮಗಳು

ನಮ್ಮ ಮಗಳು ಮೆಡಿಸಿನ್ ಓದುವ ಯೋಚನೆ ಬಿಟ್ಟು ಭೂವಿಜ್ಞಾನ ಓದುತ್ತೇನೆಂದಾಗ ನಾನು ಎರಡು ದಿನ ಅವಳೊಡನೆ ಸರಿಯಾಗಿ ಮಾತನಾಡಲಿಲ್ಲ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್., ಎಂ.ಡಿ. ಮುಗಿಸಿ, ಅಮೆರಿಕಕ್ಕೆ ಬಂದು ಮತ್ತೆ ರೆಸಿಡೆನ್ಸಿ ಮಾಡಿ ನೆಲೆಯೂರಿದವನು ನಾನು. "ಕಲ್ಲು ಓದಿ ಏನ್ ಮಾಡ್ತೀ?" ಎಂದು ಕೇಳಿಯೂ ಬಿಟ್ಟೆ. ಸಂಘದ ಪಾಟ್‌ಲಕ್‌ಗಳಲ್ಲಿ ಮಕ್ಕಳ ವಿಷಯ ಬಂದರೆ ಮೆಲ್ಲಗೆ ಮಾತು ಬದಲಿಸುತ್ತಿದ್ದೆ.

ಆ ಮುನಿಸು ಕರಗಿದ್ದು 2025ರ ಬೇಸಿಗೆಯಲ್ಲಿ, ಹವಾಯಿಯ ಬಿಗ್ ಐಲ್ಯಾಂಡಿನಲ್ಲಿ. ಅಲ್ಲಿನ ಕಿಲಾವೆಯಾ ಜ್ವಾಲಾಮುಖಿ 2024ರ ಡಿಸೆಂಬರ್ 23ರಿಂದ ಬಿಟ್ಟು ಬಿಟ್ಟು ಲಾವಾ ಚಿಮ್ಮಿಸುತ್ತಿತ್ತು. ನಾವು ಹೋದ ದಿನ ಬರೀ ಹೊಗೆ! ಆದರೆ ಕಾಲ ಕೆಳಗೆ ಎಲ್ಲೆಲ್ಲೂ ಕಪ್ಪು ಬಸಾಲ್ಟ್ ಕಲ್ಲು. ಸುಮಾರು 1,150 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹರಿದು ಆರಿದ ರಸ ಅದು.

"ಅಪ್ಪಾ, ನೀವು ಪೇಷಂಟ್ ಹೊಟ್ಟಿ ಕೊಯ್ಯದೇ ಬ್ಲಡ್ ಟೆಸ್ಟ್ ನೋಡಿ ಒಳಗ ಏನಾಗೇದ ಅಂತ ಹೇಳ್ತೀರಲ್ಲಾ? ನಾವು ಮಾಡೋದೂ ಅದೇ," ಎಂದಳು ಮಗಳು.

ಹೌದಲ್ಲ! ಭೂಮಿಯ ಮೇಲ್ಪದರದ ಕೆಳಗಿನ ಮ್ಯಾಂಟಲ್ ಸುಮಾರು 2,900 ಕಿ.ಮೀ. ಆಳದವರೆಗೂ ಇದೆ. ಮನುಷ್ಯ ಕೊರೆದ ಅತ್ಯಂತ ಆಳದ ರಂಧ್ರ, ರಷ್ಯಾದ ಕೋಲಾದಲ್ಲಿರುವುದು, ಕೇವಲ 12 ಕಿ.ಮೀ. ಈ ರೋಗಿಯನ್ನು ಯಾವ ಸರ್ಜನ್ನನೂ ತೆರೆದು ನೋಡಲಾರ. ತಾನಾಗಿ ಹೊರಬರುವ ಲಾವಾವೇ ರಕ್ತದ ಸ್ಯಾಂಪಲ್.

ಮ್ಯಾಂಟಲ್ ಕರಗಿದ ಬೆಂಕಿಯ ಸಮುದ್ರವೆಂದು ನಾನು ತಿಳಿದಿದ್ದೆ. ತಪ್ಪು. ಅದು ಬಹುಪಾಲು ಗಟ್ಟಿ ಕಲ್ಲೇ. ಕುಕ್ಕರಿನಲ್ಲಿ ಒತ್ತಡವಿರುವಾಗ ನೀರು 100 ಡಿಗ್ರಿ ದಾಟಿದರೂ ಸುಮ್ಮನಿರುತ್ತದೆ. ಒತ್ತಡ ತಟ್ಟನೆ ಇಳಿದರೆ ಉಕ್ಕುತ್ತದೆ. ಹಾಗೆಯೇ ಬಿಸಿ ಕಲ್ಲು ನಿಧಾನವಾಗಿ ಮೇಲೇರುವಾಗ ಒತ್ತಡ ತಗ್ಗಿ, ಹೊಸ ಶಾಖವಿಲ್ಲದೆಯೇ, ಅದರ ಒಂದಷ್ಟು ಭಾಗ ಕರಗುತ್ತದೆ. ಆ ರಸವೇ ಬಸಾಲ್ಟ್.

ಇನ್ನು ಲ್ಯಾಬ್ ರಿಪೋರ್ಟ್. ಪೊಟ್ಯಾಸಿಯಂ, ಥೋರಿಯಂ, ಲ್ಯಾಂಥನಂಗಳು ಕಲ್ಲು ಕರಗತೊಡಗಿದೊಡನೆ ರಸಕ್ಕೆ ಓಡಿಬರುತ್ತವೆ. ಕರಗಿದ ಪಾಲು ಕಡಿಮೆಯಾದಷ್ಟೂ ರಸದಲ್ಲಿ ಇವು ಹೆಚ್ಚು. ಇಟರ್ಬಿಯಂನಂಥ ಭಾರದ ಧಾತುಗಳನ್ನು ಗಾರ್ನೆಟ್ ಹರಳು ಬಿಡದೆ ಹಿಡಿದುಕೊಳ್ಳುತ್ತದೆ. ಮ್ಯಾಂಟಲ್ಲಿನಲ್ಲಿ ಗಾರ್ನೆಟ್ ಇರುವುದು ಬಹಳ ಆಳದಲ್ಲಿ. ಹವಾಯಿಯ ಲಾವಾದಲ್ಲಿ ಇಂಥ ಧಾತುಗಳು ಕಡಿಮೆ. ಎಂದರೆ ಕರಗುವಿಕೆ ಆಳದಲ್ಲೇ ಶುರುವಾಗಿದೆ ಎಂದು ಡಯಾಗ್ನೋಸಿಸ್!

ನನ್ನನ್ನು ಬೆರಗುಗೊಳಿಸಿದ್ದು ಹೀಲಿಯಂ. ಹೀಲಿಯಂ-4 ಯುರೇನಿಯಂ, ಥೋರಿಯಂಗಳಿಂದ ಹುಟ್ಟುತ್ತಲೇ ಇರುತ್ತದೆ. ಹೀಲಿಯಂ-3 ಬಹುಪಾಲು ಭೂಮಿ ಹುಟ್ಟಿದಾಗಲೇ ಒಳಗೆ ಸಿಕ್ಕಿಕೊಂಡದ್ದು. ಸಾಗರ ಮಧ್ಯದ ಬೆಟ್ಟಸಾಲಿನ ಬಸಾಲ್ಟ್‌ನಲ್ಲಿ ಇವೆರಡರ ಅನುಪಾತ ಗಾಳಿಯಲ್ಲಿರುವುದರ ಸುಮಾರು 8 ಪಟ್ಟು. ಹವಾಯಿಯಲ್ಲಿ ಹಿಂದೆ ಲೋಯಿಹಿ ಎಂದು ಕರೆಯುತ್ತಿದ್ದ ಕಡಲೊಳಗಿನ ಜ್ವಾಲಾಮುಖಿಯಲ್ಲಿ 30 ಪಟ್ಟಿಗೂ ಹೆಚ್ಚು. 450 ಕೋಟಿ ವರ್ಷಗಳ ಹಿಂದಿನ ಉಸಿರು ಇನ್ನೂ ಆಳದಲ್ಲೆಲ್ಲೋ ಉಳಿದಿದೆ ಎಂದಾಯಿತು.

ನನ್ನಾಕೆ ನೆನಪಿಗೊಂದು ಕಲ್ಲು ಎತ್ತಿಕೊಂಡಳು. ರಾಷ್ಟ್ರೀಯ ಉದ್ಯಾನದಿಂದ ಕಲ್ಲು ತರುವಂತಿಲ್ಲವೆಂದು ಮಗಳು ಕೆಳಗಿಡಿಸಿದಳು. "ಅಮ್ಮಾ, ಇದರ ಬಳಗ ನಮ್ಮ ಬಿಜಾಪುರದಾಗ ಐತಲ್ಲಾ!"

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತ ಈಗಿನ ರಿಯೂನಿಯನ್ ದ್ವೀಪದ ಹಾಟ್‌ಸ್ಪಾಟ್ ಮೇಲೆ ಸಾಗುವಾಗ ಉಕ್ಕಿದ ಲಾವಾ, ದಖನ್ನಿನ ಮೇಲೆ ಪದರ ಪದರವಾಗಿ ಹರಡಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿ.ಮೀ. ಆವರಿಸಿದೆ. ಗೋಲಗುಮ್ಮಟದ ಕಪ್ಪು ಕಲ್ಲು ಅದೇ. ಆ ಕಲ್ಲು ಸವೆದು ಆದದ್ದೇ ನಮ್ಮ ಎರೆಮಣ್ಣು; ನಾನು ಉಂಡು ಬೆಳೆದ ಬಿಳಿಜೋಳದ ರೊಟ್ಟಿ ಆ ಮಣ್ಣಿನದು. ಹುಡುಗನಾಗಿದ್ದಾಗ ಹೊಲದ ಬಾವಿಯಲ್ಲಿ ಈಜುತ್ತ ಕಲ್ಲಿನ ಪದರಗಳನ್ನು ಹಿಡಿದು ಮೇಲೆ ಹತ್ತುತ್ತಿದ್ದೆ. ಅವು ಏನೆಂದು ಒಂದು ದಿನವೂ ಕೇಳಲಿಲ್ಲ.

ಆ ರಾತ್ರಿ ಮಗಳಿಗೆ, "ನಾ ಹಂಗ ಅನ್ನಬಾರದಿತ್ತವ್ವಾ" ಎಂದೆ. ಅವಳು ನಕ್ಕು, "ಬಾವಿ ಇನ್ನೂ ಐತೇನಪ್ಪಾ?" ಎಂದು ಕೇಳಿದಳು.

ಆ ಹೊಲ ಮಾರುವ ಮಾತು ತಮ್ಮನೊಂದಿಗೆ ನಡೆದಿತ್ತು. ಸದ್ಯಕ್ಕೆ ತಡೆ ಎಂದು ಫೋನ್ ಮಾಡಿದ್ದೇನೆ. ಡಿಸೆಂಬರ್‌ನಲ್ಲಿ ಅಪ್ಪ, ಮಗಳು ಇಬ್ಬರೂ ಊರಿಗೆ ಹೊರಟಿದ್ದೇವೆ. ಮೊದಲು ಅವಳು ಬಾವಿ ನೋಡಲಿ.